ಗಾಲೆನ್ ಧರ್ಮಾಧ್ಯಕ್ಷರ ಪ್ರಬೋಧನೆ: ‘ಕೊಲ್ಲಬಾರದು’ ಎಂಬ ಆಜ್ಞೆಯ ಅನ್ವಯವನ್ನು ಕುರಿತು

ಗದ್ಯದ ಪ್ರಕಾರಗಳನ್ನು ಎಣಿಸುವಾಗ ನಮ್ಮ ವಿಮರ್ಶಕರು ಕಾದಂಬರಿ, ಸಣ್ಣಕತೆ, ಪ್ರಬಂಧ, ಜೀವನಚರಿತ್ರೆ ಎಂದು ಹೇಳಿ ನಿಲ್ಲಿಸುವುದು ವಾಡಿಕೆ. ಕ್ರೈಸ್ತ ದೇವಾಲಯಗಳಲ್ಲಿ ಆರಾಧನೆಯ ನಡುವೆ ನಡೆಯುವ ಪ್ರಬೋಧನೆಯನ್ನು ಈ ಎಣಿಕೆಗೆ ಸೇರಿಸುವವರು ವಿರಳ. ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗ ಮಾಡುವ ನಮ್ಮ ವಿದ್ಯಾರ್ಥಿಗಳು ಜಾನ್ ಡನ್ನನ ಕವನಗಳನ್ನು ಓದುತ್ತಾರೆ. ಅವನ ಪ್ರಬೋಧನೆಗಳ ಸಂಪುಟಗಳು ಗ್ರಂಥಾಲಯದ ಬೀರುವಿನಲ್ಲಿಯೇ ಉಳಿಯುತ್ತವೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಬಹುಪಾಲು ಪ್ರಬೋಧನೆಗಳು ಆಯಾ ಭಾನುವಾರದ ಅಗತ್ಯಕ್ಕೆ ಹುಟ್ಟಿ ಅಂದೇ ಮುಗಿಯತಕ್ಕವು. ಆದರೆ ಒಂದು ಊರಿನ ಒಂದು ಬೆಳಗಿನ ಅಗತ್ಯಕ್ಕಾಗಿಯೇ ಹುಟ್ಟಿ, ಆ ಕಾರಣದಿಂದಲೇ ಉಳಿದುಬಂದಿರುವ ಪ್ರಬೋಧನೆಯೊಂದುಂಟು. ಜರ್ಮನಿಯ ಮ್ಯೂನ್‌ಸ್ಟರ್ ನಗರದ ಕಥೋಲಿಕ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಅವರು ೧೯೪೧ರ ಆಗಸ್ಟ್ ೩ರಂದು ಸಂತ ಲ್ಯಾಂಬರ್ಟರ ದೇವಾಲಯದಲ್ಲಿ ಮಾಡಿದ ಪ್ರಬೋಧನೆ ಅದು. ಮನುಷ್ಯಜೀವದ ಪಾವಿತ್ರ್ಯವನ್ನು ಕುರಿತ ಬೈಬಲಿನ ಬೋಧೆಯನ್ನು ಇಂದಿನ ಪ್ರಶ್ನೆಗಳಿಗೆ ಅನ್ವಯಿಸಹೊರಟವರು, ಯಾವ ಪಕ್ಷದವರಾದರೂ ಸರಿಯೆ, ಇದನ್ನು ಸಾಕ್ಷಿಗೆ ಕರೆಯುತ್ತಾರೆ. ಹಾಗೆ ಕರೆಯುವುದಕ್ಕೆ ಮೊದಲು ಇದನ್ನು ಒಂದು ಕೃತಿಯೆಂದು ಎದುರಿಗಿಟ್ಟುಕೊಂಡು ಓದಿ, ಇದರ ಬಲವೆಲ್ಲಿ, ಇದರ ಎಲ್ಲೆಯೆಲ್ಲಿ ಎಂಬುದನ್ನು ಗುರುತಿಸುವುದು ಪ್ರಕೃತ ಲೇಖನದ ಉದ್ದೇಶ.

ಸಂದರ್ಭವನ್ನು ಸಂಗ್ರಹವಾಗಿ ಹೇಳಬಹುದು. ೧೯೨೦ರಲ್ಲಿ ಕಾರ್ಲ್ ಬಿಂಡಿಂಗ್ ಎಂಬ ನ್ಯಾಯಶಾಸ್ತ್ರಜ್ಞನೂ ಆಲ್ಫ್ರೆಡ್ ಹೋಖೆ ಎಂಬ ಮನೋವೈದ್ಯನೂ ಕೂಡಿ ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದರು. ‘ಬಾಳಲು ಯೋಗ್ಯವಲ್ಲದ ಬಾಳು’ ಎಂಬ ಮಾತಿಗೆ ವಿದ್ವತ್ತಿನ ಮುದ್ರೆ ಬಿದ್ದುದು ಆ ಪುಸ್ತಕದಿಂದ. ೧೯೩೯ರಲ್ಲಿ ಹಿಟ್ಲರ್ ಒಂದು ಕಾಗದಕ್ಕೆ ಸಹಿ ಹಾಕಿ, ಯುದ್ಧಾರಂಭದ ದಿನವಾದ ಸೆಪ್ಟೆಂಬರ್ ೧ನ್ನೇ ಅದರ ತಾರೀಖೆಂದು ನಮೂದಿಸಿದ. ಗುಣವಾಗದೆಂದು ತೋರುವ ರೋಗಿಗಳಿಗೆ ‘ದಯಾಮರಣ’ವನ್ನು ಕೊಡುವ ಅಧಿಕಾರವನ್ನು ಆ ಕಾಗದ ಕೆಲವು ವೈದ್ಯರಿಗೆ ಒಪ್ಪಿಸಿತು. ಅದು ಕಾನೂನಲ್ಲ, ರಾಜಪತ್ರದಲ್ಲಿ ಪ್ರಕಟವಾದುದೂ ಅಲ್ಲ. ಕೆಲಸ ನಡೆದದ್ದು ಬರ್ಲಿನ್ ನಗರದ ಟೀರ್‌ಗಾರ್ಟನ್ ಬೀದಿಯ ನಾಲ್ಕನೆಯ ಸಂಖ್ಯೆಯ ಮನೆಯಿಂದ. ‘ಟಿ-೪’ ಎಂಬ ಹೆಸರು ಬಂದದ್ದು ಹಾಗೆ. ಗ್ರಾಫೆನೆಕ್, ಬ್ರಾಂಡೆನ್‌ಬುರ್ಗ್, ಹಾರ್ಟ್‌ಹೈಮ್, ಸೋನನ್‌ಸ್ಟೈನ್, ಬೆರ್ನ್‌ಬುರ್ಗ್, ಹಾಡಾಮಾರ್ ಎಂಬ ಆರು ಕಡೆ ವಿಷಾನಿಲದ ಕೋಣೆಗಳು ಸಿದ್ಧವಾದವು. ಬಂಧುಗಳಿಗೆ ಹೋಗುತ್ತಿದ್ದುದು ಸುಳ್ಳು ರೋಗದ ಹೆಸರು ಬರೆದ ಒಂದು ಪತ್ರ, ಬೇಕೆಂದರೆ ಒಂದು ಬೂದಿಯ ಪಾತ್ರೆ.

ಕೃತಿಗೆ ಹೋಗುವ ಮೊದಲು ‘ಪಾವಿತ್ರ್ಯ’ ಎಂಬ ಮಾತನ್ನು ಸ್ವಲ್ಪ ತಡೆದು ನೋಡಬೇಕು. ಕನ್ನಡದಲ್ಲಿ ಪವಿತ್ರವೆಂದೊಡನೆ ಶುದ್ಧಿ ನೆನಪಾಗುತ್ತದೆ, ಮಡಿ ನೆನಪಾಗುತ್ತದೆ. ಮೈಲಿಗೆಯಾಗಬಲ್ಲದ್ದು ಮಾತ್ರ ಪವಿತ್ರವೆಂಬ ಭಾವನೆ ನಮ್ಮ ಮಾತಿನೊಳಗೇ ಸೇರಿಕೊಂಡಿದೆ. ಹೀಬ್ರೂ ಭಾಷೆಯ ‘ಕಾದೋಶ್’ ಎಂಬುದರಲ್ಲಿ ಮುಖ್ಯವಾದದ್ದು ಪ್ರತ್ಯೇಕಿಸಿಟ್ಟದ್ದು, ದೇವರಿಗೆ ಸೇರಿದ್ದು ಎಂಬ ಅರ್ಥ. ‘ಜೀವದ ಪಾವಿತ್ರ್ಯ’ ಎಂಬ ಸೂತ್ರವಂತೂ ಬೈಬಲಿನದಲ್ಲ, ಈಚಿನವರು ಕಟ್ಟಿಕೊಂಡದ್ದು. ಬೈಬಲಿನಲ್ಲಿ ಇರುವುದು ಒಡೆತನದ ಮಾತು: ಮನುಷ್ಯನ ಜೀವ ಅವನದೂ ಅಲ್ಲ, ಅರಸನದೂ ಅಲ್ಲ, ಕೊಟ್ಟವನದು. ಆದಿಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ, ಜಲಪ್ರಳಯ ಇಳಿದ ಮೇಲೆ, ನೋಹನ ಸಂತತಿಗೆ ಮಾಂಸಾಹಾರದ ಅನುಮತಿ ದೊರೆಯುತ್ತದೆ. ಆದರೆ ರಕ್ತವನ್ನು ತಿನ್ನಕೂಡದು, ಮನುಷ್ಯನ ರಕ್ತಕ್ಕಂತೂ ಮೃಗದಿಂದಲೂ ಮನುಷ್ಯನಿಂದಲೂ ಲೆಕ್ಕ ಕೇಳಲಾಗುವುದು. ಮನುಷ್ಯ ದೇವರ ಸ್ವರೂಪದಲ್ಲಿ ಉಂಟಾದವನೆಂಬುದೇ ಅಲ್ಲಿ ಕೊಟ್ಟಿರುವ ಕಾರಣ. ಆ ಸ್ವರೂಪ ಯಾವುದರಲ್ಲಿದೆ? ಅಗಸ್ಟಿನ್, ಅಕ್ವಿನಾಸ್ ಮೊದಲಾದ ದೊಡ್ಡವರು ಅದನ್ನು ಬುದ್ಧಿಯಲ್ಲಿ ಕಂಡರು. ಮೂಲಪಾಠ ಹಾಗೆ ಹೇಳುವುದಿಲ್ಲ. ಬುದ್ಧಿ, ಬಲ, ಮಾತು, ದುಡಿಮೆ ಯಾವುದನ್ನೂ ಷರತ್ತಾಗಿ ಹಾಕುವುದಿಲ್ಲ. ಬುದ್ಧಿಮಾಂದ್ಯರ ಕೊಲೆಯ ಎದುರಿಗೆ ನಿಂತಾಗ ಈ ಮೌನದ ಬೆಲೆ ತಿಳಿಯುತ್ತದೆ.

ಜನ್ನನ ‘ಯಶೋಧರಚರಿತೆ’ಯನ್ನು ಓದಿ ಬಂದ ಕನ್ನಡ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ತೊಡಕು ಎದುರಾಗಬಹುದು. ಅಲ್ಲಿ ಕೊಂದದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಕೊಂದವನನ್ನು ಜನ್ಮಜನ್ಮಗಳಲ್ಲಿ ಅಟ್ಟಿಕೊಂಡು ಬರುತ್ತದೆ. ಕೊಂದವನ ಆತ್ಮಕ್ಕೆ ಏನಾಯಿತೆಂಬುದು ಆ ಕಾವ್ಯದ ಪ್ರಶ್ನೆ. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಕಾಯಿನನು ಹೇಬೆಲನನ್ನು ಕೊಂದಾಗ ಕೂಗಿಡುವುದು ಸತ್ತವನ ರಕ್ತ, ಅದೂ ನೆಲದೊಳಗಿನಿಂದ. ಕೊಲೆಯಾದವನ ಹಕ್ಕು ಎಂಬುದೊಂದು ಅಲ್ಲಿ ಕಾಣಿಸಿಕೊಳ್ಳುತ್ತದೆ. ಅಹಿಂಸೆಯ ವ್ಯಾಪ್ತಿ ಹಿರಿದು, ಅದು ಸಕಲಜೀವಿಗಳಿಗೂ ಹಬ್ಬಿದೆ. ಬೈಬಲಿನ ಆಜ್ಞೆಯ ವ್ಯಾಪ್ತಿ ಮನುಷ್ಯನಿಗೆ ಸೀಮಿತ, ಆದರೆ ಅದರೊಳಗೊಬ್ಬ ಫಿರ್ಯಾದಿಯಿದ್ದಾನೆ. ಎರಡನ್ನೂ ಒಂದೇ ಎಂದು ಬೆಸೆಯುವುದು ಉಪನ್ಯಾಸವೇದಿಕೆಗಳಲ್ಲಿ ಸುಲಭ, ಪಾಠಗಳ ಎದುರಿಗೆ ಕಷ್ಟ. ಆಜ್ಞೆಯಲ್ಲಿ ಬಳಕೆಯಾಗಿರುವ ‘ರಾಟ್ಸಾಹ್’ ಎಂಬ ಹೀಬ್ರೂ ಧಾತುವೂ ಇದಕ್ಕೆ ಒಪ್ಪುತ್ತದೆ. ಪಶುವಧೆಗೂ ಯುದ್ಧದಲ್ಲಿನ ಕೊಲ್ಲುವಿಕೆಗೂ ಅದನ್ನು ಬಳಸುವುದಿಲ್ಲ. ಅರಿಯದೆ ಕೊಂದು ಆಶ್ರಯನಗರಕ್ಕೆ ಓಡಿದವನ ಕೃತ್ಯಕ್ಕೆ ಮಾತ್ರ ಅರಣ್ಯಕಾಂಡದ ಮೂವತ್ತೈದನೆಯ ಅಧ್ಯಾಯ ಅದನ್ನೇ ಬಳಸುತ್ತದೆ. ಅಂದಮೇಲೆ ‘ಕೊಲೆ’ ಎಂಬ ನಮ್ಮ ಮಾತು ಅದಕ್ಕೆ ಕಿರಿದಾಯಿತು, ‘ಹಿಂಸೆ’ ಹಿರಿದಾಯಿತು.

ಇನ್ನು ಪ್ರಬೋಧನೆ. ಅಂದು ಪಂಚಾಶತ್ತಮ ಹಬ್ಬದ ತರುವಾಯದ ಒಂಬತ್ತನೆಯ ಭಾನುವಾರ. ಅಂದಿಗೆ ಗೊತ್ತಾಗಿದ್ದ ವಾಚನ ಲೂಕನ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದ್ದು: ಯೇಸು ಯೆರೂಸಲೇಮನ್ನು ನೋಡಿ ಕಣ್ಣೀರಿಡುವ ಪ್ರಸಂಗ. ಇದು ಗಾಲೆನ್ ಅವರು ಆರಿಸಿಕೊಂಡದ್ದಲ್ಲ, ಪಂಚಾಂಗ ಒದಗಿಸಿದ್ದು. ಆದರೂ ಅದರ ಔಚಿತ್ಯವನ್ನು ಅವರು ಒಡನೆಯೇ ಕಂಡರು. ತನಗೆ ಹಿತವಾದದ್ದನ್ನು ಅರಿಯದೆಹೋದ ನಗರವದು. ಕೇಳುವವರ ಮ್ಯೂನ್‌ಸ್ಟರ್ ಜುಲೈ ತಿಂಗಳ ವಿಮಾನದಾಳಿಗಳಿಂದ ಕುಸಿದಿತ್ತು. ಶತ್ರುಗಳು ಮುತ್ತಿಗೆ ಹಾಕುವರೆಂಬ ಮಾತನ್ನು ಆ ದೇವಾಲಯದಲ್ಲಿ ಕುಳಿತು ಕೇಳಿದವರಿಗೆ ವ್ಯಾಖ್ಯಾನದ ಅಗತ್ಯವಿರಲಿಲ್ಲ.

ಅಲ್ಲಿಂದ ಮುಂದೆ ಪ್ರಬೋಧನೆಯ ಶೈಲಿ ಬದಲಾಗುತ್ತದೆ. ಕಣ್ಣೀರಿನ ಪ್ರಸಂಗದಿಂದ ಅದು ನ್ಯಾಯಾಲಯದ ಭಾಷೆಗೆ ಇಳಿಯುತ್ತದೆ. ನಿರಪರಾಧಿಯನ್ನು ಕೊಲ್ಲಲು ಯುದ್ಧವನ್ನೂ ನ್ಯಾಯವಾದ ಆತ್ಮರಕ್ಷಣೆಯನ್ನೂ ಬಿಟ್ಟು ಬೇರೆ ಯಾವ ಸಂದರ್ಭದಲ್ಲಿಯೂ ಅವಕಾಶವಿಲ್ಲವೆಂದು ಜರ್ಮನಿಯ ಧರ್ಮಾಧ್ಯಕ್ಷರೆಲ್ಲರೂ ಒಟ್ಟಾಗಿ ಬರೆದ ಪತ್ರವೊಂದು ಜುಲೈ ೬ರಂದೇ ಕಥೋಲಿಕ ದೇವಾಲಯಗಳಲ್ಲಿ ಓದಲ್ಪಟ್ಟಿತ್ತು. ಅದು ಸಾಮಾನ್ಯ ವಿಧಿ. ಅದನ್ನು ಓದಿದ್ದರಿಂದ ಒಂದು ಬಸ್ಸೂ ನಿಲ್ಲಲಿಲ್ಲ. ಗಾಲೆನ್ ಅವರು ಆ ಸಾಮಾನ್ಯ ವಿಧಿಗೆ ಸ್ಥಳವನ್ನು ಕೊಟ್ಟರು, ತಾರೀಖನ್ನು ಕೊಟ್ಟರು. ಮ್ಯೂನ್‌ಸ್ಟರಿನ ಹತ್ತಿರದ ಮರೀನ್‌ಟಾಲ್ ಚಿಕಿತ್ಸಾಲಯದಿಂದ ರೋಗಿಗಳನ್ನು ಸಾಗಿಸುವ ಸಿದ್ಧತೆ ನಡೆದಿದೆಯೆಂದು ಕೇಳಿ ತಾವು ಜುಲೈ ೨೮ರಂದು ಸರ್ಕಾರಿ ಅಭಿಯೋಜಕರಿಗೂ ಪೊಲೀಸ್ ಅಧ್ಯಕ್ಷರಿಗೂ ದೂರು ಕೊಟ್ಟುದನ್ನು ಹೇಳಿದರು. ಕೊಲೆಗೆ ಶಿಕ್ಷೆ ವಿಧಿಸುವ ೨೧೧ನೆಯ ಕಲಮನ್ನೂ, ಕೊಲೆಯ ಸಂಚನ್ನು ತಿಳಿದೂ ತಿಳಿಸದೆ ಇರುವವನನ್ನು ಶಿಕ್ಷಿಸುವ ೧೩೯ನೆಯ ಕಲಮನ್ನೂ ಹೆಸರಿಸಿದರು. ಈ ಎರಡನೆಯ ಕಲಮಿನ ಪ್ರಸ್ತಾಪದಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಕೇಳಿದ ಕ್ಷಣದಿಂದ ಆ ದೇವಾಲಯದಲ್ಲಿ ಕುಳಿತವರೆಲ್ಲರೂ ತಿಳಿದವರಾದರು. ಪೀಠದಿಂದ ಆಡಿದ ಮಾತು ಕೇಳುವವನ ಸ್ಥಿತಿಯನ್ನೇ ಬದಲಾಯಿಸುವ ಇಂತಹ ಕ್ಷಣಗಳು ವಾಗ್ಮಿತೆಯ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಈ ಭಾಗದಲ್ಲಿ ಅಲಂಕಾರವೆಂಬುದು ಇಲ್ಲವೇ ಇಲ್ಲ. ಇದಕ್ಕೆ ಹದಿನೈದು ದಿನ ಮೊದಲು, ಜುಲೈ ೨೦ರ ಪ್ರಬೋಧನೆಯಲ್ಲಿ, ಅವರು ಸುತ್ತಿಗೆ ಮತ್ತು ಅಡಿಗಲ್ಲಿನ ರೂಪಕವನ್ನು ದೀರ್ಘವಾಗಿ ಬೆಳೆಸಿದ್ದರು: ಪೆಟ್ಟು ಹೊಡೆಯುವುದು ಸುತ್ತಿಗೆ, ತಾಳಿಕೊಂಡು ಆಕಾರ ಕೊಡುವುದು ಅಡಿಗಲ್ಲು. ಸಂಕಲನಕಾರರು ಆರಿಸುವುದು ಆ ರೂಪಕವನ್ನೇ. ನಮ್ಮ ದೃಷ್ಟಿಯಲ್ಲಿ ಆಗಸ್ಟ್ ೩ರ ನೀರಸವಾದ ದೂರುಪತ್ರದ ಗದ್ಯ ಅದಕ್ಕಿಂತ ಮೇಲಾದದ್ದು. ಆಡಳಿತ ಸುಳ್ಳು ರೋಗದ ಹೆಸರುಗಳನ್ನು ಸೃಷ್ಟಿಸುತ್ತಿದ್ದಾಗ ಕಲಮು, ತಾರೀಖು, ಊರಿನ ಹೆಸರು ಇವುಗಳನ್ನು ಸರಿಯಾಗಿ ಹೇಳುವುದೇ ಆಜ್ಞೆಯ ವ್ಯಾಖ್ಯಾನವಾಗುತ್ತದೆ.

ಪ್ರಬೋಧನೆಯ ಎರಡನೆಯ ಘಟ್ಟ ಪ್ರಸಿದ್ಧವಾದ ಉಪಮಾನಗಳದು. ಉತ್ಪಾದನೆ ಮಾಡಲಾರದವರೆಂಬ ಕಾರಣಕ್ಕೆ ಈ ರೋಗಿಗಳನ್ನು ಕೊಲ್ಲುತ್ತಿದ್ದಾರೆ. ಹಾಗಾದರೆ ಇವರು ಕೆಟ್ಟುನಿಂತ ಯಂತ್ರವೆ, ಕುಂಟಿದ ಕುದುರೆಯೆ, ಹಾಲು ಬತ್ತಿದ ಹಸುವೆ, ಎಂದು ಒಂದೊಂದಾಗಿ ಹೇಳಿ ಹೋಲಿಕೆಯನ್ನು ನಡುವೆಯೇ ಕತ್ತರಿಸುತ್ತಾರೆ. ಕತ್ತರಿಸಿ, ಇವರು ಮನುಷ್ಯರು, ನಮ್ಮ ಸೋದರ ಸೋದರಿಯರು ಎನ್ನುತ್ತಾರೆ. ಉಪಮೆಯನ್ನು ಕಟ್ಟುವುದಕ್ಕಾಗಿ ಅಲ್ಲದೆ ಮುರಿಯುವುದಕ್ಕಾಗಿ ತಂದಿರುವುದು ಇಲ್ಲಿನ ವಿಶೇಷ. (ಹಸುವಿನ ಮಾತು ನಮ್ಮ ದೇಶದಲ್ಲಿ ಬೇರೆಯದೇ ಚರ್ಚೆಯನ್ನು ಎಬ್ಬಿಸೀತು. ವೆಸ್ಟ್‌ಫಾಲಿಯದ ರೈತನಿಗೆ ಗೊಡ್ಡುಹಸುವನ್ನು ಕಡಿಯುವುದು ಸಹಜವಾದ್ದರಿಂದ ಹೋಲಿಕೆ ಅಲ್ಲಿ ನಾಟಿತು.)

ಆದರೆ ಒಡನೆಯೇ ಬರುವ ವಾದ ಬೇರೆ ಜಾತಿಯದು. ದುಡಿಯಲಾರದವನನ್ನು ಕೊಲ್ಲಬಹುದೆಂಬ ತತ್ತ್ವವನ್ನು ಒಮ್ಮೆ ಒಪ್ಪಿದರೆ ಮುಪ್ಪಿನಲ್ಲಿ ನಮ್ಮೆಲ್ಲರ ಗತಿಯೇನು? ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವನ ಗತಿಯೇನು? ರಣರಂಗದಿಂದ ಅಂಗಹೀನನಾಗಿ ಬರುವ ಯೋಧನ ಗತಿಯೇನು? ವೈದ್ಯನನ್ನು ಯಾರು ನಂಬಿಯಾರು? ಅಂದು ಕೇಳುವವರನ್ನು ನಡುಗಿಸಿದ್ದು, ನಾಡಿನಾದ್ಯಂತ ಕೈಯಿಂದ ಕೈಗೆ ಹೋದದ್ದು ಮುಖ್ಯವಾಗಿ ಈ ಭಾಗ. ಮಕ್ಕಳು ಯುದ್ಧಕ್ಕೆ ಹೋಗಿರದ ಮನೆ ಆಗ ಯಾವುದಿತ್ತು? ಅದರ ಸಾಮರ್ಥ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಬೈಬಲಿನ ವಾದವಲ್ಲ. ‘ನಾಳೆ ನೀನೂ’ ಎಂಬುದು ಅದರ ತಿರುಳು. ನಾಳೆ ನಾನು ಮುದುಕನಾದೇನು, ರೋಗಿಯಾದೇನು, ಕಾಲು ಕಳೆದುಕೊಂಡೇನು. ಆದುದರಿಂದ ಇಂದು ಆ ಮುದುಕನನ್ನೂ ರೋಗಿಯನ್ನೂ ಕೊಲ್ಲಬೇಡ. ನಾನು ಎಂದೆಂದಿಗೂ ಆಗಲಾರದ ಮನುಷ್ಯನಿಗೆ ಈ ವಾದದಲ್ಲಿ ಆಸರೆಯುಂಟೆ?

ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಒಂದು ಸಣ್ಣ ವಿಧಿಯಿದೆ. ಕಿವುಡನನ್ನು ಶಪಿಸಬಾರದು, ಕುರುಡನ ದಾರಿಯಲ್ಲಿ ಎಡವುಗಲ್ಲನ್ನಿಡಬಾರದು, ದೇವರಿಗೆ ಭಯಪಡಬೇಕು ಎಂಬುದು ಅದರ ಭಾವ. ಕಿವುಡ ಶಾಪವನ್ನು ಕೇಳಲಾರ. ತನಗೆ ಅನ್ಯಾಯವಾಯಿತೆಂಬುದೇ ಅವನಿಗೆ ತಿಳಿಯದು. ಶಪಿಸಿದವನಿಗೆ ಕಿವುಡಾಗುವ ಭಯವನ್ನೂ ಆ ವಿಧಿ ಹುಟ್ಟಿಸುವುದಿಲ್ಲ. ಕೇಳಲಾರದವನ ಪರವಾಗಿ ಕೇಳುವವನೊಬ್ಬನಿದ್ದಾನೆ ಎಂಬಷ್ಟೇ ಆಧಾರದ ಮೇಲೆ ಅದು ನಿಂತಿದೆ. ಮರೀನ್‌ಟಾಲಿನ ರೋಗಿಗಳಿಗೆ ಇದಕ್ಕಿಂತ ಹತ್ತಿರವಾದ ವಾಕ್ಯ ಪಂಚಗ್ರಂಥಗಳಲ್ಲಿ ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ. ಪ್ರಬೋಧನೆ ಅದರ ಬಳಿಗೆ ಹೋಗಲಿಲ್ಲ.

ಹೋಗಬಹುದಾಗಿದ್ದ ಇನ್ನೊಂದು ಕಡೆಗೆ ಅರ್ಧ ದಾರಿ ಹೋಯಿತು. ಕೊಲ್ಲಬಾರದೆಂಬ ವಿಧಿ ಶಾಸನಗಳಿಗಿಂತ ಹಳೆಯದು, ಮನಸ್ಸಾಕ್ಷಿಯಲ್ಲಿ ಬರೆದದ್ದು ಎಂಬುದಕ್ಕೆ ಗಾಲೆನ್ ಅವರು ಕಾಯಿನನನ್ನು ಉದಾಹರಿಸುತ್ತಾರೆ. ರಾಜ್ಯಗಳೂ ನ್ಯಾಯಾಲಯಗಳೂ ಹುಟ್ಟುವ ಮೊದಲೇ ಕಾಯಿನ ತನ್ನ ಪಾತಕದ ಭಾರವನ್ನು ತಾನೇ ಒಪ್ಪಿಕೊಂಡನಲ್ಲವೆ? ವಾದ ಸರಿಯಾಗಿದೆ. ಆದರೆ ಆದಿಕಾಂಡದಲ್ಲಿ ಕೊಲೆಯ ತರುವಾಯ ಕಾಯಿನನಾಡುವ ಮಾತುಗಳು ಎರಡು. ಭಾರವನ್ನು ಒಪ್ಪಿಕೊಂಡದ್ದು ಎರಡನೆಯದು. ಮೊದಲನೆಯದು, ತಮ್ಮನೆಲ್ಲಿ ಎಂದು ಕೇಳಿದಾಗ, ಅವನನ್ನು ಕಾಯುವವನು ನಾನೋ ಎಂದು ತಿರುಗಿ ಕೇಳಿದ ಪ್ರಶ್ನೆ. ಪ್ರಬೋಧನೆ ಎರಡನೆಯದನ್ನು ತೆಗೆದುಕೊಂಡು ಮೊದಲನೆಯದನ್ನು ಬಿಟ್ಟಿತು. ಆರಿಸುವಾಗ ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ವಿಮರ್ಶೆಯ ಕೆಲಸವಲ್ಲ. ಆದರೆ ಬಿಟ್ಟುಹೋದ ಆ ಪ್ರಶ್ನೆಯ ಜಾಗದಲ್ಲಿಯೇ ಕೃತಿಯ ಎಲ್ಲೆ ಬಿದ್ದಿದೆ.

ಎಲ್ಲೆಯನ್ನು ಸ್ಪಷ್ಟವಾಗಿ ಕಾಣಬೇಕಾದರೆ ಪ್ರಬೋಧನೆಯ ಅತ್ಯಂತ ಸುಂದರವಾದ ಭಾಗವನ್ನೇ ನೋಡಬೇಕು. ಮ್ಯೂನ್‌ಸ್ಟರ್ ಸೀಮೆಯ ಒಬ್ಬ ರೈತ, ಐವತ್ತೈದು ವರ್ಷದವನು, ಹೆಸರಿಲ್ಲ. ಕೆಲವು ಕಾಲದಿಂದ ಅವನಿಗೆ ಚಿತ್ತಸ್ವಾಸ್ಥ್ಯ ತಪ್ಪಿ ಮರೀನ್‌ಟಾಲಿನಲ್ಲಿ ಇದ್ದಾನೆ. ಹುಚ್ಚನೇನಲ್ಲ, ಬಂದವರನ್ನು ಕಂಡು ಸಂತೋಷಪಡುತ್ತಾನೆ. ಹದಿನೈದು ದಿನದ ಹಿಂದೆ ಹೆಂಡತಿಯೂ, ರಣರಂಗದಿಂದ ರಜೆಯ ಮೇಲೆ ಬಂದಿದ್ದ ಮಗನೂ ಹೋಗಿ ನೋಡಿದರು. ಮಗನಿಗೆ ತಂದೆಯ ಮೇಲೆ ಪ್ರಾಣ. ಬೀಳ್ಕೊಡುಗೆ ಕಷ್ಟವಾಯಿತು, ಮಗ ತಿರುಗಿ ಬರುವನೋ ಇಲ್ಲವೋ ಎಂದು. ಈಗ ಮಗ ಬಂದರೂ ತಂದೆಯನ್ನು ಕಾಣಲಾರ. ತಂದೆಯ ಹೆಸರು ಪಟ್ಟಿಯಲ್ಲಿ ಸೇರಿದೆ. ಈ ವಾರ ನೋಡಲು ಹೋದ ಬಂಧುವೊಬ್ಬನಿಗೆ, ಸಾಗಿಸಿಯಾಯಿತು, ಎಲ್ಲಿಗೆಂದು ಹೇಳುವಂತಿಲ್ಲ, ಎಂಬ ಉತ್ತರ ದೊರೆಯಿತು. ಇಷ್ಟೇ ಕಥೆ. ಸಣ್ಣಕತೆಯ ಉಪಾಧ್ಯಾಯರು ತರಗತಿಯಲ್ಲಿ ಓದಿ ಹೇಳಬಹುದಾದ ಮಿತವ್ಯಯ ಇದರಲ್ಲಿದೆ. ರೋಗಿಯ ನಗುಮುಖವೊಂದೇ ‘ಯೋಗ್ಯವಲ್ಲದ ಬಾಳು’ ಎಂಬ ಸಿದ್ಧಾಂತಕ್ಕೆ ಉತ್ತರವಾಗಿ ನಿಲ್ಲುತ್ತದೆ.

ಆದರೆ ಕಥೆಯ ಕರುಣರಸ ಯಾವುದರಿಂದ ಪುಷ್ಟಿಗೊಂಡಿದೆಯೆಂದು ವಿಚಾರಿಸಬೇಕು. ತಂದೆ ನಮ್ಮ ಸೀಮೆಯ ರೈತ, ಮಗ ನಮ್ಮ ಯೋಧ. ಮಗ ಹೋರಾಡುವುದು ‘ತನ್ನ ಜನ’ಕ್ಕಾಗಿ, ಆ ಜನವೇ ಅವನ ತಂದೆಯನ್ನು ಕೊಲ್ಲುತ್ತಿದೆ ಎಂಬ ವ್ಯಂಗ್ಯದ ಮೊನೆ ಇರುವುದು ‘ತನ್ನ’ ಎಂಬ ಮಾತಿನಲ್ಲಿ. ಇದೇ ಬೇಸಗೆಯಲ್ಲಿ, ಜೂನ್ ೨೨ರಿಂದ ಮುಂದೆ, ಸೋವಿಯತ್ ದೇಶದೊಳಕ್ಕೆ ನುಗ್ಗಿದ ಜರ್ಮನ್ ಪಡೆಗಳ ಹಿಂದೆ ಯೆಹೂದ್ಯರ ಸಾಮೂಹಿಕ ಹತ್ಯೆ ಆರಂಭವಾಗಿತ್ತು. ಜರ್ಮನ್ ಚಿಕಿತ್ಸಾಲಯಗಳಲ್ಲಿದ್ದ ಯೆಹೂದ್ಯ ರೋಗಿಗಳನ್ನು ೧೯೪೦ರಿಂದಲೇ ಬೇರೆಯಾಗಿ ಆರಿಸಿ ಕೊಲ್ಲಲಾಗುತ್ತಿತ್ತು. ಯೆಹೂದ್ಯರ ಹೆಸರು ಈ ಪ್ರಬೋಧನೆಯಲ್ಲಿ ಇಲ್ಲ. ಮುಂದೆಯೂ ಗಾಲೆನ್ ಅವರು ಅವರಿಗಾಗಿ ಇಂತಹ ಬಹಿರಂಗ ಪ್ರಬೋಧನೆಯನ್ನು ಮಾಡಲಿಲ್ಲ. ಮ್ಯೂನ್‌ಸ್ಟರಿನ ರೈತನಿಗೆ ತಾನು ಮುಂದೊಂದು ದಿನ ಯೆಹೂದ್ಯನಾದೇನೆಂಬ ಭಯವಿರಲು ಸಾಧ್ಯವಿಲ್ಲವಷ್ಟೆ. ‘ನಾಳೆ ನೀನೂ’ ಎಂಬ ವಾದ ಆ ಬಾಗಿಲಲ್ಲಿ ಮೂಕವಾಗುತ್ತದೆ.

ಹೀಗೆನ್ನುವುದರಿಂದ ಅವರ ಧೈರ್ಯಕ್ಕೆ ಕುಂದು ಬಾರದು. ನಾಜಿ ಪಕ್ಷದಲ್ಲಿ ಅವರನ್ನು ಗಲ್ಲಿಗೇರಿಸಬೇಕೆಂದವರಿದ್ದರು. ವೆಸ್ಟ್‌ಫಾಲಿಯದ ಜನ ಯುದ್ಧಕ್ಕೆ ವಿಮುಖರಾದಾರೆಂದು ಗೊಬೆಲ್ಸ್ ಹಿಂಜರಿದ. ಲೆಕ್ಕವನ್ನು ಯುದ್ಧದ ನಂತರ ತೀರಿಸುವುದೆಂದಾಯಿತು. ಅವರ ಬದಲಿಗೆ ದಂಡ ತೆತ್ತವರು ಪ್ರತಿ ಮಾಡಿ ಹಂಚಿದವರು. ಲ್ಯೂಬೆಕ್ ನಗರದ ಮೂವರು ಕಥೋಲಿಕ ಪಾದ್ರಿಗಳೂ ಒಬ್ಬ ಲೂಥರನ್ ಪಾದ್ರಿಯೂ ೧೯೪೩ರ ನವೆಂಬರ್ ೧೦ರಂದು ಹ್ಯಾಂಬುರ್ಗಿನಲ್ಲಿ ಶಿರಚ್ಛೇದಕ್ಕೊಳಗಾದರು. ಅವರು ಹಂಚಿದ್ದ ಬರಹಗಳಲ್ಲಿ ಈ ಪ್ರಬೋಧನೆಗಳೂ ಇದ್ದುವು. ಗಾಲೆನ್ ಅವರು ೧೯೪೬ರಲ್ಲಿ ಕಾರ್ಡಿನಲ್ ಪದವಿಗೇರಿ ಅದೇ ವರ್ಷ ಮಾರ್ಚ್ ೨೨ರಂದು ತೀರಿಕೊಂಡರು.

ಫಲವೇನಾಯಿತು? ೧೯೪೧ರ ಆಗಸ್ಟ್ ೨೪ರಂದು ಹಿಟ್ಲರ್ ಟಿ-೪ ಯೋಜನೆಯನ್ನು ನಿಲ್ಲಿಸಲು ಹೇಳಿದ. ಪ್ರಬೋಧನೆ ನಡೆದು ಮೂರು ವಾರ. ಇದನ್ನು ಕಾರ್ಯಕಾರಣವೆಂದು ಹೇಳಿ ಮುಗಿಸುವುದು ಭಾಷಣಕಾರರಿಗೆ ಪ್ರಿಯ. ಆ ವೇಳೆಗೆ ಕೊಲ್ಲಲ್ಪಟ್ಟವರ ಸಂಖ್ಯೆ ೭೦,೨೭೩ ಎಂದು ಅವರದೇ ಲೆಕ್ಕ. ಮೊದಲು ಗೊತ್ತುಮಾಡಿಕೊಂಡಿದ್ದ ಗುರಿಯೂ ಸುಮಾರು ಎಪ್ಪತ್ತು ಸಾವಿರವೇ. ನಿಂತದ್ದು ವಿಷಾನಿಲ, ಮಕ್ಕಳ ಹತ್ಯೆ ನಿಲ್ಲಲಿಲ್ಲ, ಚಿಕಿತ್ಸಾಲಯಗಳಲ್ಲಿ ಮದ್ದಿನಿಂದಲೂ ಹಸಿವಿನಿಂದಲೂ ಕೊಲ್ಲುವುದು ಯುದ್ಧ ಮುಗಿಯುವವರೆಗೆ ನಡೆಯಿತು. ಆ ಕೋಣೆಗಳಲ್ಲಿ ಪಳಗಿದವರಲ್ಲಿ ಅನೇಕರು ಬೆಲ್‌ಜೆಕ್, ಸೋಬಿಬೋರ್, ಟ್ರೆಬ್ಲಿಂಕಗಳಿಗೆ ಹೋದರು. ಹಾರ್ಟ್‌ಹೈಮಿನಲ್ಲಿ ೧೯೪೫ರಲ್ಲಿ ದೊರೆತ ಲೆಕ್ಕದ ಪುಸ್ತಕವೊಂದು ಮೇಲಿನ ಸಂಖ್ಯೆಯನ್ನು ಕೊಟ್ಟು, ಇಷ್ಟು ಜನ ಇನ್ನು ಹತ್ತು ವರ್ಷ ಬದುಕಿದ್ದರೆ ತಿನ್ನುತ್ತಿದ್ದ ಆಹಾರವನ್ನು ಪದಾರ್ಥವಾರಾಗಿ ಎಣಿಸಿ, ೮೮ ಕೋಟಿ ಮಾರ್ಕುಗಳಿಗೂ ಮೀರಿದ ಉಳಿತಾಯವನ್ನು ತೋರಿಸುತ್ತದೆ. ಪ್ರಬೋಧನೆಯ ಜೊತೆಯಲ್ಲಿ ಓದಬೇಕಾದ ಪಾಠ ಅದು. ಅಲ್ಲಿಯೂ ಕಲಮುಗಳಿವೆ, ಅಂಕಿಗಳಿವೆ, ನೀರಸವಾದ ಗದ್ಯವಿದೆ.

ಇಂದಿನ ಅನ್ವಯದ ಮಾತಿಗೆ ಬಂದರೆ, ಗಾಲೆನ್ ಅವರ ಹೆಸರು ಅತಿ ಹೆಚ್ಚಾಗಿ ಕೇಳಿಬರುವುದು ಸಾಯುತ್ತಿರುವ ರೋಗಿಯ ಚಿಕಿತ್ಸೆಯನ್ನು ಹಿಂತೆಗೆಯುವ ಚರ್ಚೆಯಲ್ಲಿ. ನಮ್ಮ ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠ ೨೦೧೮ರ ಮಾರ್ಚ್ ೯ರಂದು, ಗುಣವಾಗುವ ಆಸೆಯಿಲ್ಲದ ರೋಗಿಯಿಂದ ಜೀವಾಧಾರದ ಯಂತ್ರಗಳನ್ನು ತೆಗೆಯಲು ನಿಯಮಗಳೊಡನೆ ಅವಕಾಶ ಕೊಟ್ಟಿತು. ೨೦೨೩ರಲ್ಲಿ ಆ ನಿಯಮಗಳು ಸರಳವಾದವು. ೨೦೨೫ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅವನ್ನು ಜಾರಿಗೆ ತರುವ ಆದೇಶವನ್ನು ಹೊರಡಿಸಿತು. ಇದನ್ನು ಹಾಡಾಮಾರಿಗೆ ಸಮೀಕರಿಸುವುದು ವಾಗಾಡಂಬರ. ಗಾಲೆನ್ ಅವರ ರೈತ ಸಾಯುತ್ತಿರಲಿಲ್ಲ, ಉಂಡು ನಗುತ್ತಿದ್ದ. ಅಸಾಧಾರಣವಾದ ಉಪಾಯಗಳಿಂದ ಉಸಿರನ್ನು ಎಳೆದಿಡಬೇಕಾದ ಕರ್ತವ್ಯವಿಲ್ಲವೆಂದು ಅವರದೇ ಧರ್ಮಸಭೆಯ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ೧೯೫೭ರ ನವೆಂಬರಿನಲ್ಲಿಯೇ ವೈದ್ಯರಿಗೆ ಹೇಳಿದ್ದಾರೆ. ಕೆನಡದೇಶದ ವಿಷಯ ಬೇರೆ. ಅಲ್ಲಿ ವೈದ್ಯಸಹಾಯದ ಮರಣಕ್ಕೆ ೨೦೧೬ರಲ್ಲಿ ಅವಕಾಶ ದೊರೆತು, ೨೦೨೧ರಲ್ಲಿ ಸಾವು ಸಮೀಪಿಸಿಲ್ಲದವರಿಗೂ ವಿಸ್ತರಿಸಿತು. ಅದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಅಂಗವಿಕಲರ ಸಂಘಟನೆಗಳೂ ಇದ್ದವು. ಅಲ್ಲಿ ಕೋರಿಕೆ ರೋಗಿಯದೇ, ರಾಜ್ಯದ್ದಲ್ಲ. ಆ ವ್ಯತ್ಯಾಸ ದೊಡ್ಡದು, ಮರೆಯಕೂಡದು. ಆದರೂ ಒಂದು ಬಗೆಯ ಬಾಳು ತನ್ನಷ್ಟಕ್ಕೆ ತಾನೇ ಸಾವಿಗೆ ಕಾರಣವಾಗಬಲ್ಲುದೆಂದು ಶಾಸನ ಹೇಳಿದಾಗ, ಆ ಬಗೆಯ ಬಾಳನ್ನು ಬಾಳುತ್ತಿರುವವರು ಬೆಚ್ಚಿದರೆ ಅದನ್ನು ಅತಿರೇಕವೆನ್ನಲಾಗದು.

ನಮ್ಮಲ್ಲಿ ಈ ಬೋಧೆಯ ಪರೀಕ್ಷೆ ನಡೆಯಬೇಕಾದ ಸ್ಥಳ ಇನ್ನೊಂದಿದೆ. ಭ್ರೂಣದ ಲಿಂಗವನ್ನು ಪತ್ತೆ ಮಾಡುವುದನ್ನು ೧೯೯೪ರ ಕಾಯಿದೆ ನಿಷೇಧಿಸಿತು. ೨೦೨೩ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಆ ಕೆಲಸ ನಡೆಯುತ್ತಿದ್ದುದನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ಗರ್ಭಪಾತದ ಶಾಸನವನ್ನು ಕುರಿತು ಭಿನ್ನಾಭಿಪ್ರಾಯವುಳ್ಳವರೂ ಹೆಣ್ಣೆಂಬ ಕಾರಣಕ್ಕೆ ಆರಿಸಿ ತೆಗೆಯುವುದನ್ನು ಒಪ್ಪುವುದಿಲ್ಲ. ಇಲ್ಲಿಯೂ ಲೆಕ್ಕದ ಪುಸ್ತಕವಿದೆ: ವರದಕ್ಷಿಣೆ ಒಂದು ಕಡೆ, ಮುಪ್ಪಿನಲ್ಲಿ ಅನ್ನ ಹಾಕುವ ಮಗ ಇನ್ನೊಂದು ಕಡೆ. ಇದಕ್ಕೆ ಎದುರಾಗಿ ನಾವು ಗೋಡೆಗಳ ಮೇಲೆ ಬರೆಯಿಸುವ ವಾದವೇನು? ಹೆಣ್ಣುಮಕ್ಕಳೇ ಇಲ್ಲವಾದರೆ ನಿಮ್ಮ ಗಂಡುಮಕ್ಕಳಿಗೆ ವಧುಗಳನ್ನು ಎಲ್ಲಿಂದ ತರುತ್ತೀರಿ ಎಂಬುದು. ಉದ್ದೇಶ ಒಳ್ಳೆಯದೇ, ಒಂದೆರಡು ಜೀವಗಳು ಇದರಿಂದ ಉಳಿದಿದ್ದರೆ ಬೇಡವೆನ್ನುವವರಾರು? ಆದರೂ ಹೆಣ್ಣನ್ನು ಅವಳ ಉಪಯೋಗದ ಬೆಲೆಗೆ ಬಿಡಿಸಿಕೊಂಡಂತಾಯಿತು, ಅಷ್ಟೆ. ಕೊಲ್ಲುವವನ ತಕ್ಕಡಿಯನ್ನೇ ತೆಗೆದುಕೊಂಡು ಅವನದಕ್ಕಿಂತ ಹೆಚ್ಚು ತೂಗಿಸಿದಂತಾಯಿತು. ‘ನಾಳೆ ನೀನೂ’ ಎನ್ನುವ ಭಯವಂತೂ ಇಲ್ಲಿ ಕೆಲಸಕ್ಕೇ ಬಾರದು. ತೀರ್ಮಾನ ಮಾಡುವ ಹಿರಿಯರಲ್ಲಿ ಯಾರೊಬ್ಬರೂ ಮತ್ತೆ ಗರ್ಭದೊಳಗಿನ ಹೆಣ್ಣಾಗಲಾರರು. ಯಾಜಕಕಾಂಡದ ಆ ಕಿವುಡನ ವಿಧಿ ಮಾತ್ರ ಇಲ್ಲಿಗೆ ನೇರವಾಗಿ ತಲಪುತ್ತದೆ.

ಮರಣದಂಡನೆಯ ಪ್ರಶ್ನೆಯಲ್ಲಿ ಕಥೋಲಿಕ ಧರ್ಮಸಭೆ ೨೦೧೮ರಲ್ಲಿ ತನ್ನ ಧರ್ಮೋಪದೇಶವನ್ನೇ ತಿದ್ದಿಕೊಂಡು, ಅದು ಒಪ್ಪತಕ್ಕದ್ದಲ್ಲವೆಂದು ಸಾರಿತು. ಗಾಲೆನ್ ಅವರು ‘ನಿರಪರಾಧಿ’ ಎಂಬ ವಿಶೇಷಣವನ್ನು ಬಿಡದೆ ಬಳಸಿದರೆಂಬುದನ್ನು ನೆನೆದಾಗ ಇದು ಎಷ್ಟು ದೂರದ ಹೆಜ್ಜೆಯೆಂಬುದು ತಿಳಿಯುತ್ತದೆ. ಕಾಯಿನನನ್ನು ಯಾರೂ ಕೊಲ್ಲದಂತೆ ದೇವರು ಅವನಿಗೆ ಗುರುತು ಇಟ್ಟನೆಂಬ ವಾಕ್ಯ ಮಾತ್ರ ಮೊದಲಿನಿಂದಲೂ ಅಲ್ಲಿಯೇ ಇತ್ತು.

ಕಾಯಿನನ ಮೊದಲನೆಯ ಪ್ರಶ್ನೆಗೆ ಉತ್ತರ ಕೊಟ್ಟವನೊಬ್ಬನ ವಿಷಯವನ್ನು ಇಲ್ಲಿ ಹೇಳಬೇಕು. ಗಾಲೆನ್ ಅವರ ಪ್ರಬೋಧನೆಗೆ ಒಂದು ವರ್ಷ ಮೊದಲೇ, ೧೯೪೦ರ ಜುಲೈ ೮ರಂದು, ಬ್ರಾಂಡೆನ್‌ಬುರ್ಗ್ ನಗರದ ಲೋಥಾರ್ ಕ್ರೈಸಿಗ್ ಎಂಬ ನ್ಯಾಯಾಧೀಶ ನ್ಯಾಯಮಂತ್ರಿಗೆ ಪತ್ರ ಬರೆದ. ಬುದ್ಧಿಮಾಂದ್ಯರ ಪಾಲನೆಯ ವ್ಯವಹಾರಗಳು ಅವನ ನ್ಯಾಯಾಲಯಕ್ಕೆ ಸೇರಿದ್ದವು. ತನ್ನ ರಕ್ಷಣೆಯಲ್ಲಿದ್ದವರ ಮರಣಪತ್ರಗಳು ಒಂದರ ಮೇಲೊಂದು ಬರತೊಡಗಿದ್ದನ್ನು ಅವನು ಗಮನಿಸಿದ್ದ. ಅದೇ ಊರಿನ ಹಳೆಯ ಸೆರೆಮನೆಯಲ್ಲಿ ವಿಷಾನಿಲದ ಕೋಣೆಯಿತ್ತು. ತನ್ನ ಅಪ್ಪಣೆಯಿಲ್ಲದೆ ಯಾವ ರೋಗಿಯನ್ನೂ ಸಾಗಿಸಕೂಡದೆಂದು ಅವನು ಚಿಕಿತ್ಸಾಲಯಗಳಿಗೆ ಆಜ್ಞೆ ಕಳುಹಿಸಿದ. ಹಿಟ್ಲರನ ಕಾಗದವನ್ನು ಪಡೆದಿದ್ದ ಬೂಲರ್ ಎಂಬ ಅಧಿಕಾರಿಯ ಮೇಲೆ ಕೊಲೆಯ ದೂರನ್ನು ಕೊಟ್ಟ. ಮಂತ್ರಿ ಕರೆಯಿಸಿ ಆ ಕಾಗದವನ್ನು ತೋರಿಸಿದಾಗ, ಇದರಿಂದ ಅನ್ಯಾಯ ನ್ಯಾಯವಾಗುವುದಿಲ್ಲವೆಂದ. ನಾಯಕನ ಇಚ್ಛೆಯೇ ಕಾನೂನಿನ ಮೂಲವೆಂದು ಒಪ್ಪದವನು ನ್ಯಾಯಾಧೀಶನಾಗಿರಲಾರನೆಂಬ ಉತ್ತರ ಬಂತು, ಅವನನ್ನು ನಿವೃತ್ತಿಗೊಳಿಸಿದರು. ಅವನ ಪತ್ರ ಕಚೇರಿಯ ಭಾಷೆಯಲ್ಲಿದೆ; ಉಪಮೆಯಿಲ್ಲ, ಕಥೆಯಿಲ್ಲ, ಸಂಕಲನಗಳಲ್ಲಿ ಅದಕ್ಕೆ ಸ್ಥಾನ ದೊರೆಯುವುದು ಅಪರೂಪ. ಕೆಲಸ ಹೋದ ಮೇಲೆ ಅವನು ತನ್ನ ಹೊಲಮನೆಗೆ ಹೋಗಿ ಬೇಸಾಯದಲ್ಲಿ ತೊಡಗಿದ. ಯುದ್ಧದ ಕೊನೆಯವರೆಗೂ ಆ ಮನೆಯಲ್ಲಿ ಇಬ್ಬರು ಯೆಹೂದ್ಯ ಹೆಂಗಸರು ಅಡಗಿದ್ದರು.